ರಕ್ತದ ತೊಟ್ಟು, ಉಪ್ಪಿನ ತೆರೆ

ಗುಂಡ್ಲುಪೇಟೆಯ ಗೃಹಿಣಿಯೊಬ್ಬರು ನಮಗೆ ಬರೆದಿರುವ ಕಾಗದದಲ್ಲಿ ಒಂದು ಪ್ರಶ್ನೆಯನ್ನು ಕೇಳಿರುವರು. ಅವರ ಯಜಮಾನರಿಗೆ ಸಕ್ಕರೆ ಕಾಯಿಲೆಯಿದ್ದು, ಬೆರಳ ತುದಿಯನ್ನು ಚುಚ್ಚಿ ತೆಗೆದ ಒಂದು ತೊಟ್ಟು ರಕ್ತದಿಂದ ಸಕ್ಕರೆಯ ಪ್ರಮಾಣವನ್ನು ಕೆಲವೇ ಸೆಕೆಂಡುಗಳಲ್ಲಿ ಮನೆಯಲ್ಲಿಯೇ ನೋಡಿಕೊಳ್ಳುತ್ತಿರುವರಂತೆ. “ಸಕ್ಕರೆಗೆ ಇಂತಹ ಯಂತ್ರವನ್ನು ಮಾಡಬಲ್ಲವರು ಎದೆನೋವಿಗೆ, ಜ್ವರಕ್ಕೆ, ನಮ್ಮ ಕಾಡಿನ ಜನರ ರಕ್ತದ ಕಾಯಿಲೆಗೆ ಏಕೆ ಮಾಡಿಲ್ಲ? ಎಲ್ಲಕ್ಕೂ ಚಾಮರಾಜನಗರಕ್ಕೋ ಮೈಸೂರಿಗೋ ಏಕೆ ಓಡಬೇಕು?” ಎಂಬುದು ಅವರ ಪ್ರಶ್ನೆ. ಇದಕ್ಕಿಂತ ನ್ಯಾಯವಾದ ಪ್ರಶ್ನೆಯು ಈ ಪುಟಕ್ಕೆ ಬಹುದಿನಗಳಿಂದ ಬಂದಿಲ್ಲವೆಂದು ನಮಗೆ ತೋರುತ್ತದೆ. ಪ್ರಯತ್ನವು ನಡೆಯದೆ ಇಲ್ಲ. ಐವತ್ತು ವರ್ಷಗಳಿಗೂ ಮೇಲ್ಪಟ್ಟು ನಡೆದಿದೆ. ಆದರೆ ರಕ್ತವೆಂಬುದು ಯಂತ್ರಶಿಲ್ಪಿಗಳಿಗೆ ಸುಲಭವಾಗಿ ಒಲಿಯುವ ವಸ್ತುವಲ್ಲ. ಏಕೆ ಒಲಿಯದೆಂಬುದನ್ನು ಈ ತಿಂಗಳು ವಿಚಾರಿಸೋಣ.

ಆ ಸೀಮೆಯನ್ನು ನೋಡದ ವಾಚಕರಿಗೆ ಒಂದೆರಡು ಮಾತು ಹೇಳತಕ್ಕದ್ದುಂಟು. ಗುಂಡ್ಲುಪೇಟೆಯಿಂದ ಜಿಲ್ಲೆಯ ಮುಖ್ಯ ಪಟ್ಟಣವಾದ ಚಾಮರಾಜನಗರಕ್ಕೆ ತೆರಕಣಾಂಬಿಯ ಮೇಲೆ ಸುಮಾರು ೩೫ ಕಿಲೋಮೀಟರು. ಮೈಸೂರಿಗೆ ಸುಮಾರು ೬೦. ತೆಂಕಣಕ್ಕೆ ಬಂಡೀಪುರದ ಕಾಡು. ಮೂಡಣಕ್ಕೆ ಬಿಳಿಗಿರಿರಂಗನ ಬೆಟ್ಟ. ಚಾಮರಾಜನಗರದಲ್ಲಿ ೨೦೧೬ರಿಂದ ಸರ್ಕಾರದ ವೈದ್ಯಕೀಯ ವಿದ್ಯಾಲಯವಿರುವುದು ದೊಡ್ಡ ಅನುಕೂಲವೇ ಸರಿ. ಆದರೆ ಕಾಡಿನಂಚಿನ ಪೋಡಿನಲ್ಲಿರುವ ಸೋಲಿಗರ ತಾಯಿಯೊಬ್ಬಳು ಮಗುವನ್ನು ಕಂಕುಳಲ್ಲಿ ಹೊತ್ತು, ದಾರಿಗೆ ಬಂದು, ಬಸ್ಸು ಹಿಡಿದು, ರಕ್ತ ಕೊಟ್ಟು, ಫಲಿತಾಂಶಕ್ಕಾಗಿ ಮತ್ತೊಮ್ಮೆ ಬರಬೇಕೆಂದರೆ ಎರಡು ದಿನದ ಕೂಲಿ ಹೋಯಿತೆಂದೇ ಲೆಕ್ಕ. ಎರಡನೆಯ ಬಾರಿ ಅವಳು ಬಾರದಿದ್ದರೆ ಅವಳನ್ನು ದೂರುವುದು ಸರಿಯಲ್ಲ.

ದೂರವು ಎಷ್ಟೆಂಬುದಕ್ಕೆ ಇನ್ನೊಂದು ನಿದರ್ಶನ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ೨೦೧೨ರ ಕೊನೆಯ ತಿಂಗಳುಗಳಲ್ಲಿ ಬಂಡೀಪುರದಲ್ಲಿ ತಲೆದೋರಿತು. ಸತ್ತ ಮಂಗಗಳ ಶವಪರೀಕ್ಷೆಯ ಕೆಲಸದಲ್ಲಿದ್ದ ಅರಣ್ಯ ಇಲಾಖೆಯ ಕೆಲಸಗಾರರಿಗೇ ಜ್ವರವು ಹತ್ತಿತು. ಅದು ಈ ರೋಗವೇ ಹೌದೆಂದು ನಿಶ್ಚಯವಾದುದು ಪುಣೆಯ ರಾಷ್ಟ್ರೀಯ ವಿಷಾಣು ಸಂಸ್ಥೆಯಲ್ಲಿ. ಗುಂಡ್ಲುಪೇಟೆ ಸೀಮೆಯ ಜ್ವರಕ್ಕೆ ಹೆಸರಿಡಬೇಕಾದರೆ ರಕ್ತವು ಪುಣೆಯವರೆಗೆ ಪ್ರಯಾಣ ಮಾಡಬೇಕಾಯಿತು!

ಈಗ ಯಂತ್ರದ ವಿಷಯಕ್ಕೆ ಬರೋಣ. ಸಕ್ಕರೆಯನ್ನು ಅಳೆಯುವ ಪಟ್ಟಿಯು ಹೇಗೆ ಕೆಲಸಮಾಡುತ್ತದೆಂಬುದನ್ನು ತಿಳಿದರೆ ಉಳಿದುದು ಏಕೆ ಕಷ್ಟವೆಂಬುದು ತಾನಾಗಿ ಹೊಳೆಯುವುದು. ೧೯೬೨ರಲ್ಲಿ ಅಮೆರಿಕೆಯ ಲೆಲೆಂಡ್ ಕ್ಲಾರ್ಕ್ ಮತ್ತು ಲಯನ್ಸ್ ಎಂಬವರು ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ವಿದ್ಯುದ್ದ್ವಾರದ ಮೇಲೆ ಕೂರಿಸುವ ಉಪಾಯವನ್ನು ಪ್ರಕಟಿಸಿದರು. ಈ ಕಿಣ್ವವು ಸಕ್ಕರೆಯ ಅಣುವನ್ನು ಹಿಡಿದು ಬದಲಾಯಿಸುವಾಗ ಒಂದೊಂದು ಅಣುವಿನಿಂದಲೂ ಎರಡೆರಡು ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಅವುಗಳನ್ನು ಕೂಡಿಸಿದರೆ ವಿದ್ಯುತ್ಪ್ರವಾಹ. ಪ್ರವಾಹವನ್ನು ಅಳೆದರೆ ಸಕ್ಕರೆಯ ಪ್ರಮಾಣ. ಇಲ್ಲಿ ಎರಡು ಅದೃಷ್ಟಗಳು ಕೂಡಿಬಂದಿರುವುವು. ಸಕ್ಕರೆಯನ್ನು ಮಾತ್ರ ಹಿಡಿಯುವ, ಗಟ್ಟಿಮುಟ್ಟಾದ, ಅಗ್ಗದ ಕಿಣ್ವವೊಂದು ಪ್ರಕೃತಿಯಲ್ಲಿಯೇ ಸಿದ್ಧವಾಗಿತ್ತು. ಮತ್ತು ರಕ್ತದಲ್ಲಿ ಸಕ್ಕರೆಯು ಧಾರಾಳವಾಗಿರುವುದು. ಲೀಟರಿಗೆ ಹೆಚ್ಚು ಕಡಮೆ ಒಂದು ಗ್ರಾಂ ಎಂದರೆ ರಸಾಯನಶಾಸ್ತ್ರಜ್ಞರಿಗೆ ಅದು ಕಣಜದ ತುಂಬ ಧಾನ್ಯವಿದ್ದ ಹಾಗೆ.

ಎದೆನೋವು ಬಂದವರ ರಕ್ತದಲ್ಲಿ ವೈದ್ಯರು ಹುಡುಕುವ ಟ್ರೋಪೋನಿನ್ ಎಂಬ ಪದಾರ್ಥದ ಸ್ಥಿತಿಯೇ ಬೇರೆ. ಅದು ಲೀಟರಿಗೆ ೧೪ ನ್ಯಾನೋಗ್ರಾಂ ಮೀರಿದರೆ ವೈದ್ಯರು ಎಚ್ಚರಗೊಳ್ಳುವಂತಹ ಪರೀಕ್ಷೆಯು ಬಳಕೆಯಲ್ಲಿದೆ. ತೂಕದ ಲೆಕ್ಕದಲ್ಲಿ ಸಕ್ಕರೆಗಿಂತ ಸುಮಾರು ೭ ಕೋಟಿ ಪಾಲು ಕಡಮೆ! ಅಲ್ಲದೆ ಟ್ರೋಪೋನಿನ್ನನ್ನು ಮುರಿದು ಎಲೆಕ್ಟ್ರಾನುಗಳನ್ನು ಕೊಡುವ ಕಿಣ್ವವೂ ಇಲ್ಲ. ಇಂತಹ ವಿರಳ ವಸ್ತುವನ್ನು ಹಿಡಿಯುವುದಕ್ಕೆ ಪ್ರತಿಕಾಯವೆಂಬ, ಬೀಗಕ್ಕೆ ತಕ್ಕ ಕೀಲಿಕೈಯಂತಿರುವ ಅಣುವುಂಟು. ಆದರೆ ಕೀಲಿಕೈ ಬೀಗದೊಳಗೆ ಹೋದುದನ್ನು ನಮಗೆ ತಿಳಿಸುವವರಾರು? ಆಸ್ಪತ್ರೆಯ ದೊಡ್ಡ ಯಂತ್ರಗಳಲ್ಲಿ ಇದಕ್ಕಾಗಿ ಬೆಳಕು ಸೂಸುವ ಇಲ್ಲವೆ ಬಣ್ಣ ಕೊಡುವ ಮತ್ತೊಂದು ಪ್ರತಿಕಾಯವನ್ನು ಸೇರಿಸಿ, ತೊಳೆದು, ಕಾದು, ನೋಡುತ್ತಾರೆ. ಈ ಉಪಚಾರವೆಲ್ಲವನ್ನೂ ಬಿಟ್ಟು ನೇರವಾಗಿ ವಿದ್ಯುತ್ತಿನಿಂದಲೇ ಸುದ್ದಿಯನ್ನು ಪಡೆಯಬೇಕೆಂಬ ಆಸೆಯಿಂದ ಹುಟ್ಟಿದುದೇ ಟ್ರಾನ್ಸಿಸ್ಟರಿನ ಜೈವಿಕ ಸಂವೇದಕ.

ಟ್ರಾನ್ಸಿಸ್ಟರೆಂದರೆ ನಮ್ಮ ಹಿರಿಯರಿಗೆ ಗದ್ದೆಯ ಬದುವಿನ ಮೇಲೆ ಇಟ್ಟುಕೊಂಡು ಹಾಡು ಕೇಳುತ್ತಿದ್ದ ಪೆಟ್ಟಿಗೆಯ ಹೆಸರು. ಆ ಪೆಟ್ಟಿಗೆಗೆ ಹೆಸರು ಬಂದುದು ಒಳಗಿದ್ದ ಸಣ್ಣ ಸಾಧನದಿಂದ. ೧೯೪೭ರ ಡಿಸೆಂಬರಿನಲ್ಲಿ ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಬಾರ್ಡೀನ್ ಮತ್ತು ಬ್ರಾಟೈನ್ ಎಂಬವರು ಮೊದಲನೆಯ ಟ್ರಾನ್ಸಿಸ್ಟರನ್ನು ಮಾಡಿ ತೋರಿಸಿದರು. ನಮ್ಮ ವಿಷಯಕ್ಕೆ ಬೇಕಾದ ಜಾತಿಯು ಅದೇ ಪ್ರಯೋಗಾಲಯದಲ್ಲಿ ೧೯೬೦ರ ಸುಮಾರಿಗೆ ಅಟಲ್ಲಾ ಮತ್ತು ಕಾಂಗ್ ಎಂಬವರ ಕೈಯಿಂದ ಹೊರಬಂದಿತು. ಸುವರ್ಣಾವತಿ ಜಲಾಶಯದ ತೂಬನ್ನು ನೋಡಿದವರಿಗೆ ಇದರ ಮರ್ಮವನ್ನು ಹೇಳುವುದು ಸುಲಭ. ಕಾಲುವೆಯಲ್ಲಿ ಹರಿಯುವ ನೀರು ಬಹಳ. ತೂಬಿನ ಬಾಗಿಲನ್ನು ಏರಿಸಿ ಇಳಿಸುವ ಕೈಯ ಬಲವು ಸ್ವಲ್ಪ. ಟ್ರಾನ್ಸಿಸ್ಟರಿನಲ್ಲಿ ಸಿಲಿಕಾನಿನ ತೆಳ್ಳನೆಯ ಕಾಲುವೆಯೊಳಗೆ ಎಲೆಕ್ಟ್ರಾನುಗಳು ಹರಿಯುವುವು. ಅದರ ಮೇಲೆ ಗಾಜಿನಂತಹ ಬಹು ತೆಳುವಾದ ಪೊರೆ. ಪೊರೆಯ ಮೇಲೆ ಬಾಗಿಲೆಂಬ ಲೋಹದ ತಗಡು. ತಗಡಿನ ಮೇಲೆ ಒಂದಿಷ್ಟು ವಿದ್ಯುದಾವೇಶವನ್ನಿಟ್ಟರೆ, ಅದು ಪೊರೆಯನ್ನು ದಾಟದೆಯೇ ಕೆಳಗಿನ ಪ್ರವಾಹವನ್ನು ಹೆಚ್ಚಿಸುವುದು ಅಥವಾ ತಗ್ಗಿಸುವುದು.

೧೯೭೦ರಲ್ಲಿ ಹಾಲೆಂಡಿನ ಟ್ವೆಂಟೆ ವಿದ್ಯಾಲಯದ ಪೀಟ್ ಬೆರ್ಗ್‌ವೆಲ್ಡ್ ಎಂಬ ಮಹಾಶಯರಿಗೆ ಒಂದು ಧೈರ್ಯದ ಆಲೋಚನೆಯು ಹೊಳೆಯಿತು. ಆ ಲೋಹದ ತಗಡನ್ನು ಕಿತ್ತುಹಾಕಿ, ಅದರ ಸ್ಥಾನದಲ್ಲಿ ದ್ರವವನ್ನೇ ನಿಲ್ಲಿಸಿದರೆ ಹೇಗೆ? ದ್ರವದಲ್ಲಿರುವ ಜಲಜನಕದ ಅಯಾನುಗಳು ಪೊರೆಗೆ ಅಂಟಿ ತಾವೇ ಬಾಗಿಲಿನ ಕೆಲಸವನ್ನು ಮಾಡುವುವಲ್ಲವೆ? ಹಾಗೆಯೇ ಆಯಿತು. ನರಗಳ ವ್ಯಾಪಾರವನ್ನು ಅಳೆಯಬೇಕೆಂದು ಅವರು ಮಾಡಿದ ಸಾಧನವು ಆಮ್ಲತೆಯನ್ನು ಅಳೆಯುವುದರಲ್ಲಿ ಹೆಸರಾಯಿತು. ಈ ಬೀಜದಿಂದ ಒಂದು ಮರವೇ ಬೆಳೆಯಿತು. ಪೊರೆಯ ಮೇಲೆ ಪ್ರತಿಕಾಯಗಳನ್ನು ನೆಟ್ಟರೆ ಟ್ರೋಪೋನಿನ್ನು ಬಂದು ಕೂರುವುದು. ಟ್ರೋಪೋನಿನ್ನಿಗೆ ತನ್ನದೇ ಆದ ವಿದ್ಯುದಾವೇಶವುಂಟು. ಅದರಿಂದ ಕೆಳಗಿನ ಪ್ರವಾಹವು ಬದಲಾಗುವುದು. ಬಣ್ಣವಿಲ್ಲ, ಬೆಳಕಿಲ್ಲ, ತೊಳೆಯುವುದಿಲ್ಲ. ಕೇಳುವುದಕ್ಕೆ ಎಷ್ಟು ಸರಳ!

ತೊಡಕು ಬಂದುದು ಉಪ್ಪಿನಿಂದ. ನಮ್ಮ ರಕ್ತದ ಲವಣಾಂಶವು ಲೀಟರು ನೀರಿಗೆ ೯ ಗ್ರಾಂ ಉಪ್ಪನ್ನು ಕದಡಿದುದಕ್ಕೆ ಹೆಚ್ಚು ಕಡಮೆ ಸಮವಾಗಿರುವುದು. ಕರಗಿದ ಉಪ್ಪೆಂದರೆ ಧನ ಮತ್ತು ಋಣ ಅಯಾನುಗಳ ಜಾತ್ರೆ. ಯಾವುದೊಂದು ಅಣುವಿನಲ್ಲಿ ಋಣ ಆವೇಶವಿದ್ದರೂ ಒಡನೆಯೇ ಧನ ಅಯಾನುಗಳು ಅದನ್ನು ಮುತ್ತಿಕೊಳ್ಳುವುವು. ಸ್ವಲ್ಪ ದೂರದಿಂದ ನೋಡಿದರೆ ಅಲ್ಲಿ ಆವೇಶವೇ ಇಲ್ಲವೆಂಬಂತೆ ಕಾಣುವುದು. ಆಷಾಢದಲ್ಲಿ ಚಾಮರಾಜೇಶ್ವರನ ತೇರಿಗೆ ಹೋದವರು ಇದನ್ನು ಸುಲಭವಾಗಿ ಊಹಿಸಬಹುದು. ಆ ಜನಸಂದಣಿಯ ನಡುವೆ ಒಬ್ಬಳು ಸೊಡರನ್ನು ಹಿಡಿದು ನಿಂತಿದ್ದರೆ ಪಕ್ಕದಲ್ಲಿರುವವನಿಗೆ ಬೆಳಕು ಕಾಣುವುದೇ ಹೊರತು ನಾಲ್ಕು ಮಾರು ಆಚೆಗಿರುವವನಿಗೆ ಜನರ ಬೆನ್ನು ಮಾತ್ರ ಕಾಣುವುದು. ಈ ಮರೆಯ ದೂರವನ್ನು ೧೯೨೩ರಲ್ಲಿಯೇ ಡಿಬೈ ಮತ್ತು ಹ್ಯೂಕೆಲ್ ಎಂಬ ವಿದ್ವಾಂಸರು ಲೆಕ್ಕಹಾಕಿ ಕೊಟ್ಟಿರುವರು. ರಕ್ತದಲ್ಲಿ ಅದು ಒಂದು ನ್ಯಾನೋಮೀಟರಿಗಿಂತಲೂ ಕಡಮೆ, ಸುಮಾರು ೦.೭ ಅಥವಾ ೦.೮. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಿಗೆ ನ್ಯಾನೋಮೀಟರೆಂದು ಹೆಸರು. ಆದರೆ ಪ್ರತಿಕಾಯದ ಎತ್ತರವೇ ಹತ್ತು ನ್ಯಾನೋಮೀಟರಿನಷ್ಟು! ಅದರ ತಲೆಯ ಮೇಲೆ ಟ್ರೋಪೋನಿನ್ನು ಬಂದು ಕುಳಿತರೂ ಕೆಳಗಿನ ಟ್ರಾನ್ಸಿಸ್ಟರಿಗೆ ಅದರ ಸುಳಿವೇ ಹತ್ತುವುದಿಲ್ಲ. ಇಷ್ಟು ಸೊಗಸಾದ ಯುಕ್ತಿಯನ್ನು ಒಂದು ಚಿಟಿಕೆ ಉಪ್ಪು ಕೆಡಿಸಿತು.

ಪರಿಹಾರಗಳನ್ನು ಹುಡುಕದೆ ಬಿಟ್ಟಿಲ್ಲ. ರಕ್ತಕ್ಕೆ ನೂರು ಪಾಲು ನೀರನ್ನು ಬೆರೆಸಿದರೆ ಆ ಮರೆಯ ದೂರವು ಹತ್ತರಷ್ಟಾಗಿ ಏಳೆಂಟು ನ್ಯಾನೋಮೀಟರಿಗೆ ಬರುವುದು. ಆದರೆ ಮೊದಲೇ ವಿರಳವಾದ ಪದಾರ್ಥವು ಇನ್ನೂ ನೂರು ಪಾಲು ವಿರಳವಾಯಿತಷ್ಟೆ. ಉಪ್ಪು ಕಡಮೆಯಾದಾಗ ಪ್ರತಿಕಾಯದ ಹಿಡಿತದ ಸ್ವಭಾವವೂ ಮಾರ್ಪಡುವುದು. ಅಳೆದು ಬೆರೆಸುವ ಕೆಲಸವು ಮತ್ತೆ ಮನುಷ್ಯನ ಕೈಗೆ ಬಂದಿತು. ಎರಡನೆಯದು, ಎತ್ತರದ ಪ್ರತಿಕಾಯವನ್ನು ಕತ್ತರಿಸಿ ಅದರ ಹಿಡಿಯುವ ತುದಿಯನ್ನು ಮಾತ್ರ ನೆಡುವುದು. ಮೂರನೆಯದು ನಮಗೆ ಬಹಳ ಚತುರವಾಗಿ ತೋರುತ್ತದೆ. ಆಪ್ಟಮರ್ ಎಂಬ ಸಣ್ಣ ಡಿ.ಎನ್.ಎ. ಎಳೆಯು ತನಗೆ ಬೇಕಾದ ಅಣುವನ್ನು ಹಿಡಿದೊಡನೆ ಮಡಚಿಕೊಂಡು ರೂಪವನ್ನು ಬದಲಿಸುವುದು. ಆ ಎಳೆಯಲ್ಲಿಯೇ ಧಾರಾಳವಾಗಿ ಆವೇಶವಿರುವುದರಿಂದ, ಬಂದ ಅತಿಥಿಯ ಆವೇಶವನ್ನು ಟ್ರಾನ್ಸಿಸ್ಟರು ಕಾಣದಿದ್ದರೂ ಮನೆಯವನ ಚಲನೆಯನ್ನು ಕಾಣುವುದು. ೨೦೧೮ರಲ್ಲಿ ಅಮೆರಿಕೆಯ ವಿಜ್ಞಾನಿಗಳು ಈ ಉಪಾಯದಿಂದ ಶರೀರದ ಲವಣಾಂಶದಷ್ಟೇ ಉಪ್ಪುಳ್ಳ ದ್ರವದಲ್ಲಿ ಸೆರೊಟೋನಿನ್ ಮೊದಲಾದ ಸಣ್ಣ ಅಣುಗಳನ್ನು ಗುರುತಿಸಿ ತೋರಿಸಿರುವರು.

ನಮ್ಮ ಕಾಗದದ ಸೋದರಿಯು ಕೇಳಿರುವ ಕಾಡಿನ ಜನರ ರಕ್ತದ ಕಾಯಿಲೆಗೆ ಇಲ್ಲಿ ಒಂದು ವಿಶೇಷ ಸ್ಥಾನವಿದೆ. ಅದು ಸಿಕಲ್ ಸೆಲ್ ಎಂಬ ರೋಗ. ರಕ್ತದ ಕೆಂಪು ಕಣವು ದುಂಡಗಿರುವುದನ್ನು ಬಿಟ್ಟು ಕುಡುಗೋಲಿನಂತೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು, ಕೈಕಾಲುಗಳಲ್ಲಿಯೂ ಎದೆಯಲ್ಲಿಯೂ ಅಸಹನೀಯವಾದ ನೋವನ್ನುಂಟುಮಾಡುವುದು. ಕಣಗಳು ಬೇಗ ನಾಶವಾಗಿ ರಕ್ತಹೀನತೆಯೂ ಬರುವುದು. ಸೋಲಿಗರಲ್ಲಿ ಈ ರೋಗವಿರುವುದು ಬಹುಕಾಲದಿಂದ ತಿಳಿದ ಸಂಗತಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾಕ್ಟರ್ ಎಚ್. ಸುದರ್ಶನರು ೧೯೮೧ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಹೆಸರನ್ನು ವಾಚಕರು ಕೇಳಿಯೇ ಇರುವರು. ೨೦೨೩ರ ಜುಲೈ ೧ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಕೇಂದ್ರ ಸರ್ಕಾರವು ಈ ರೋಗದ ನಿರ್ಮೂಲನಕ್ಕಾಗಿ ಒಂದು ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಕರ್ನಾಟಕವೂ ಸೇರಿ ೧೭ ರಾಜ್ಯಗಳಲ್ಲಿ ನಲವತ್ತು ವರ್ಷದೊಳಗಿನ ೭ ಕೋಟಿ ಜನರ ರಕ್ತವನ್ನು ಪರೀಕ್ಷಿಸುವುದೆಂದೂ ೨೦೪೭ರೊಳಗೆ ರೋಗವನ್ನು ನೀಗಿಸುವುದೆಂದೂ ಅದರ ಸಂಕಲ್ಪ.

ಈ ರೋಗದ ಮೂಲವೇ ವಿದ್ಯುದಾವೇಶದ ವ್ಯತ್ಯಾಸವೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ೧೯೪೯ರಲ್ಲಿ ಲೈನಸ್ ಪೌಲಿಂಗರೂ ಅವರ ಸಹೋದ್ಯೋಗಿಗಳೂ ರೋಗಿಗಳ ಹೀಮೋಗ್ಲೋಬಿನ್ನನ್ನೂ ಆರೋಗ್ಯವಂತರ ಹೀಮೋಗ್ಲೋಬಿನ್ನನ್ನೂ ವಿದ್ಯುತ್ ಕ್ಷೇತ್ರದಲ್ಲಿ ಓಡಿಸಿ, ಎರಡೂ ಬೇರೆ ಬೇರೆ ವೇಗದಲ್ಲಿ ಓಡುವುವೆಂದು ಕಂಡರು. ಒಂದು ಅಣುವಿನ ದೋಷದಿಂದ ಒಂದು ರೋಗವು ಹುಟ್ಟುವುದೆಂದು ಜಗತ್ತಿಗೆ ಮೊದಲು ತಿಳಿದುದು ಆಗ. ಕೆಲವು ವರ್ಷಗಳ ಮೇಲೆ ಇಂಗ್ಲೆಂಡಿನ ವೆರ್ನನ್ ಇಂಗ್ರಾಂ ಎಂಬವರು ದೋಷವು ಎಲ್ಲಿರುವುದೆಂದು ತೋರಿಸಿದರು. ಹೀಮೋಗ್ಲೋಬಿನ್ನಿನ ಬೀಟಾ ಎಂಬ ಸರದ ಆರನೆಯ ಮಣಿಯು ಋಣ ಆವೇಶವುಳ್ಳ ಗ್ಲುಟಾಮಿಕ್ ಆಮ್ಲವಾಗಿರಬೇಕಾದ ಕಡೆ ಆವೇಶವೇ ಇಲ್ಲದ ವ್ಯಾಲೀನ್ ಆಗಿದೆ. ಅಷ್ಟೆ. ಅಣುವೊಂದರಲ್ಲಿ ಇಂತಹ ಎರಡು ಸರಗಳಿರುವುದರಿಂದ ಒಟ್ಟು ಎರಡು ಆವೇಶಗಳ ಅಂತರ.

ಹಾಗಾದರೆ ಆವೇಶವನ್ನು ಅಳೆಯುವುದಕ್ಕೆಂದೇ ಹುಟ್ಟಿದ ಟ್ರಾನ್ಸಿಸ್ಟರಿಗೆ ಇದು ಹೇಳಿ ಮಾಡಿಸಿದ ಕೆಲಸವಲ್ಲವೆ? ನಮಗೂ ಮೊದಲು ಹಾಗೆಯೇ ಅನ್ನಿಸುವುದು ಸಹಜ. ಹೀಮೋಗ್ಲೋಬಿನ್ನಿಗೆ ಬರಗಾಲವೂ ಇಲ್ಲ. ಲೀಟರು ರಕ್ತದಲ್ಲಿ ನೂರು ಗ್ರಾಮಿಗೂ ಮೀರಿ ಇರುವುದು. ಆದರೆ ಆ ಅಣುವು ಐದಾರು ನ್ಯಾನೋಮೀಟರು ದಪ್ಪವಾಗಿದೆ. ಅದರ ಮೈಯಲ್ಲಿ ಬೇರೆ ಆವೇಶಗಳು ಎಷ್ಟೋ ಇರುವುವು. ಅವುಗಳ ನಡುವೆ ಎರಡರ ಅಂತರವನ್ನು, ಅದೂ ಉಪ್ಪಿನ ತೆರೆಯ ಮರೆಯಲ್ಲಿ, ಎಣಿಸಬೇಕು. ಅಲ್ಲದೆ ಪರೀಕ್ಷೆಯು ಉತ್ತರ ಹೇಳಬೇಕಾದ ಪ್ರಶ್ನೆಯು “ಇದೆಯೇ ಇಲ್ಲವೇ” ಎಂಬುದಲ್ಲ. ತಂದೆ ತಾಯಿಗಳಿಬ್ಬರಿಂದಲೂ ದೋಷವನ್ನು ಪಡೆದವನು ರೋಗಿ. ಒಬ್ಬರಿಂದ ಮಾತ್ರ ಪಡೆದವನು ವಾಹಕ. ವಾಹಕನ ರಕ್ತದಲ್ಲಿ ಎರಡು ಬಗೆಯ ಹೀಮೋಗ್ಲೋಬಿನ್ನೂ ಬೆರೆತಿರುವುದು. ಹಸುಗೂಸಿನ ರಕ್ತದಲ್ಲಿಯಾದರೋ ಗರ್ಭಸ್ಥ ಕಾಲದ ಮೂರನೆಯ ಬಗೆಯೇ ಹೆಚ್ಚಾಗಿದ್ದು, ದೋಷದ ಬಗೆಯು ಎಲ್ಲಿಯೋ ಅಡಗಿರುವುದು. ಈ ಮಿಶ್ರಣವನ್ನು ಬಿಡಿಸಬೇಕಾದರೆ ಮೊದಲು ಬೇರ್ಪಡಿಸಿ ಆಮೇಲೆ ಅಳೆಯಬೇಕು. ದೊಡ್ಡ ಆಸ್ಪತ್ರೆಗಳ ಎಚ್.ಪಿ.ಎಲ್.ಸಿ. ಯಂತ್ರವು ಮಾಡುವುದು ಅದನ್ನೇ.

ಆದುದರಿಂದ ಈ ರೋಗದ ಮಟ್ಟಿಗೆ ನಮ್ಮ ಅಭಿಪ್ರಾಯವನ್ನು ಮುಚ್ಚಿಡದೆ ಹೇಳುವೆವು. ಪೋಡಿನ ಅಂಗಳದಲ್ಲಿ ಕೂತು ಹತ್ತಿಪ್ಪತ್ತು ನಿಮಿಷದೊಳಗೆ ನೋಡಬಹುದಾದ ಪರೀಕ್ಷೆಯು ಈಗಾಗಲೇ ಬಂದಿದೆ. ಅದು ಟ್ರಾನ್ಸಿಸ್ಟರಲ್ಲ, ಪ್ರತಿಕಾಯಗಳನ್ನು ಲೇಪಿಸಿದ ಒಂದು ಕಾಗದದ ಪಟ್ಟಿ. ರಕ್ತದ ತೊಟ್ಟು ಪಟ್ಟಿಯ ಉದ್ದಕ್ಕೂ ಹರಿದು, ಯಾವ ಬಗೆಯ ಹೀಮೋಗ್ಲೋಬಿನ್ನಿದೆಯೋ ಅದಕ್ಕೆ ತಕ್ಕ ಗೆರೆಯು ಮೂಡುವುದು. ಅಗ್ಗವಾದ ಕರಗುವಿಕೆಯ ಪರೀಕ್ಷೆಯೂ ಒಂದುಂಟು. ರಕ್ತವು ಕದಡಿದರೆ ದೋಷವಿದೆಯೆಂದು ತಿಳಿಯಬಹುದು, ಆದರೆ ಅವನು ರೋಗಿಯೋ ವಾಹಕನೋ ಎಂಬುದನ್ನು ಅದು ಹೇಳಲಾರದು. ಹೊಸ ಯಂತ್ರದ ಮೋಹದಿಂದ ಕೈಯಲ್ಲಿರುವ ಕಾಗದದ ಪಟ್ಟಿಯನ್ನು ಕಡೆಗಣಿಸುವುದು ಜಾಣತನವಲ್ಲ.

ಉಪ್ಪಿನ ತೆರೆಯನ್ನು ದಾಟಿದರೂ ಬೇರೆ ತೊಡಕುಗಳು ಕಾದಿರುತ್ತವೆ. ರಕ್ತದ ದ್ರವಾಂಶದಲ್ಲಿ ಲೀಟರಿಗೆ ೬೦ರಿಂದ ೮೦ ಗ್ರಾಮಿನಷ್ಟು ಪ್ರೋಟೀನುಗಳಿರುವುವು. ಹಾಲು ಕಾಯಿಸಿದ ಪಾತ್ರೆಯ ತಳಕ್ಕೆ ಕೆನೆಯು ಹತ್ತುವಂತೆ ಇವು ಸಿಕ್ಕಿದ ಕಡೆಯೆಲ್ಲ ಅಂಟಿಕೊಳ್ಳುವುವು. ಟ್ರಾನ್ಸಿಸ್ಟರಿಗೆ ಆವೇಶವು ಕಂಡರಾಯಿತೇ ಹೊರತು ಬಂದವರು ಕರೆದ ಅತಿಥಿಯೋ ಕರೆಯದವರೋ ಎಂಬ ವಿವೇಚನೆಯಿಲ್ಲ. ಬೇಡದವರು ಕೂರದಂತೆ ಖಾಲಿ ಜಾಗವನ್ನೆಲ್ಲ ಬೇರೆ ಲೇಪಗಳಿಂದ ಮುಚ್ಚುತ್ತಾರೆ. ಆ ಲೇಪವು ದಪ್ಪವಾದರೆ ಮತ್ತೆ ಟ್ರಾನ್ಸಿಸ್ಟರಿನ ಕಣ್ಣು ಮಂದವಾಗುವುದು.

ಇನ್ನು ನಡತೆಯ ಸ್ಥಿರತೆ. ಕೆರೆಯ ನೀರಿನ ಮಟ್ಟವನ್ನು ಅಳೆಯಬೇಕಾದರೆ ಅಲುಗಾಡದ ಗುರುತಿನ ಕಲ್ಲೊಂದು ಬೇಕು. ಕಲ್ಲೇ ಕುಸಿಯುತ್ತಿದ್ದರೆ ಅಳತೆಗೇನು ಬೆಲೆ? ಟ್ರಾನ್ಸಿಸ್ಟರ್ ಸಂವೇದಕದಲ್ಲಿ ಆ ಕಲ್ಲಿನ ಕೆಲಸವನ್ನು ಬೆಳ್ಳಿ ಮತ್ತು ಬೆಳ್ಳಿಯ ಕ್ಲೋರೈಡಿನ ಒಂದು ವಿದ್ಯುದ್ದ್ವಾರವು ಮಾಡುವುದು. ಪ್ರಯೋಗಶಾಲೆಯಲ್ಲಿ ಅದಕ್ಕೆ ಗಾಜಿನ ನಳಿಕೆಯ ತುಂಬ ಉಪ್ಪುನೀರಿನ ಉಪಚಾರ; ಬೆರಳುಗುರಿನಷ್ಟು ಅಗಲದ ಪಟ್ಟಿಯ ಮೇಲೆ ಅದನ್ನು ಕುಗ್ಗಿಸಿ ಕೂರಿಸಿದರೆ ಅದರ ಸ್ಥಿರತೆಯು ಹೋಗುವುದು. ಪೊರೆಯೂ ನೀರಿನಲ್ಲಿ ನೆನೆದು ಮೆಲ್ಲಮೆಲ್ಲನೆ ತನ್ನ ಸ್ವಭಾವವನ್ನು ಬದಲಿಸುವುದು. ಅದಕ್ಕೆಂದೇ ಮೊದಲಿನ ಸಿಲಿಕಾನ್ ಆಕ್ಸೈಡನ್ನು ಬಿಟ್ಟು ಟ್ಯಾಂಟಲಂ, ಅಲ್ಯೂಮಿನಿಯಂ ಮೊದಲಾದ ಲೋಹಗಳ ಆಕ್ಸೈಡುಗಳಿಗೆ ಹೋದರು. ಬಿಸಿಲಿನ ಪ್ರಭಾವವೂ ಕಡಮೆಯಲ್ಲ. ಆಮ್ಲತೆಯು ಒಂದು ಅಂಕ ಬದಲಾದರೆ ೨೫ ಡಿಗ್ರಿ ಉಷ್ಣತೆಯಲ್ಲಿ ಹೆಚ್ಚೆಂದರೆ ೫೯ ಮಿಲಿವೋಲ್ಟಿನಷ್ಟು ಸಂಕೇತವು ಸಿಗುವುದು. ೩೭ ಡಿಗ್ರಿಯಲ್ಲಿ ಅದೇ ೬೧ಕ್ಕೂ ಮೀರುವುದು. ಬೆಟ್ಟದ ಮುಂಜಾವಿನ ಚಳಿಯಲ್ಲಿಯೂ ಗುಂಡ್ಲುಪೇಟೆಯ ಏಪ್ರಿಲ್ ತಿಂಗಳ ನಡುಹಗಲಿನಲ್ಲಿಯೂ ಒಂದೇ ಉತ್ತರವನ್ನು ಕೊಡಬೇಕಾದ ಯಂತ್ರವು ತನ್ನ ಉಷ್ಣತೆಯನ್ನು ತಾನೇ ಅಳೆದು ಲೆಕ್ಕವನ್ನು ತಿದ್ದಿಕೊಳ್ಳಬೇಕು. ಶೀತಪೆಟ್ಟಿಗೆಯಿಲ್ಲದ ಉಪಕೇಂದ್ರದ ಕಪಾಟಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರೂ ಪ್ರತಿಕಾಯಗಳು ಸಾಯದಂತಿರಬೇಕು.

ಇಷ್ಟು ಕಷ್ಟಗಳ ನಡುವೆ ಗೆದ್ದುದು ಏನೂ ಇಲ್ಲವೆ ಎಂದರೆ, ಉಂಟು. ಡಿ.ಎನ್.ಎ.ಯ ಅಕ್ಷರಗಳನ್ನು ಓದುವ ಅಯಾನ್ ಟೊರೆಂಟ್ ಎಂಬ ಯಂತ್ರವನ್ನು ಅದರ ನಿರ್ಮಾಪಕರು ೨೦೧೧ರಲ್ಲಿ ವಿದ್ವತ್ಪತ್ರಿಕೆಯಲ್ಲಿ ವಿವರಿಸಿದರು. ಅದರಲ್ಲಿ ಬೆರ್ಗ್‌ವೆಲ್ಡರ ಬಗೆಯ ಟ್ರಾನ್ಸಿಸ್ಟರುಗಳು ಒಂದೇ ಬಿಲ್ಲೆಯ ಮೇಲೆ ಲಕ್ಷಗಟ್ಟಲೆ ಸಾಲಾಗಿ ಕುಳಿತಿರುವುವು. ಎಳೆಗೆ ಒಂದು ಅಕ್ಷರವು ಸೇರಿದಾಗ ಒಂದು ಜಲಜನಕದ ಅಯಾನು ಹೊರಬೀಳುವುದು. ಟ್ರಾನ್ಸಿಸ್ಟರು ಅದನ್ನು ಕಾಣುವುದು. ಈ ಗೆಲುವಿನ ಗುಟ್ಟೇನು? ಆ ಅಯಾನು ಬಹು ಚಿಕ್ಕದಾದುದರಿಂದ ಪೊರೆಯನ್ನು ಮುಟ್ಟುವವರೆಗೂ ಬರಬಲ್ಲುದು. ದ್ರವವೂ ಯಂತ್ರಶಿಲ್ಪಿಯು ತಾನೇ ಬೆರೆಸಿ ಇಟ್ಟ ಶುದ್ಧ ದ್ರವ, ಹಸಿ ರಕ್ತವಲ್ಲ. ವಿಷಾಣುವಿನ ಜ್ವರಗಳಿಗೂ ಈ ದಾರಿಯಲ್ಲಿ ಆಸೆಯಿಡಬಹುದೆಂದು ನಮಗೆ ತೋರುತ್ತದೆ. ರಕ್ತದಲ್ಲಿರುವ ವಿಷಾಣುವಿನ ಬೀಜಾಂಶವನ್ನು ಮೊದಲು ಲಕ್ಷಾಂತರ ಪಾಲು ಹೆಚ್ಚಿಸಿ, ಹೆಚ್ಚುವಾಗ ಹೊರಬೀಳುವ ಅಯಾನುಗಳನ್ನು ಟ್ರಾನ್ಸಿಸ್ಟರಿನಿಂದ ಅಳೆಯುವ ಪ್ರಯೋಗಗಳು ನಡೆದಿವೆ. ಕೋವಿಡ್ ಹಾವಳಿಯ ೨೦೨೦ರಲ್ಲಿ ಕೊರಿಯಾದ ವಿಜ್ಞಾನಿಗಳು ಗ್ರಾಫೀನ್ ಎಂಬ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯಿಂದ ಟ್ರಾನ್ಸಿಸ್ಟರನ್ನು ಮಾಡಿ, ವಿಷಾಣುವನ್ನು ನೇರವಾಗಿಯೇ ಗುರುತಿಸಿದರು. ಆದರೂ ಆ ವರ್ಷಗಳಲ್ಲಿ ಮನೆಮನೆಗೆ ಬಂದುದು ಕಾಗದದ ಪಟ್ಟಿಯೇ. ಪ್ರಯೋಗಶಾಲೆಯಲ್ಲಿ ಒಂದನ್ನು ಮಾಡುವುದು ಬೇರೆ. ಒಂದರಂತೆ ಒಂದು ಇರುವ ಹತ್ತು ಲಕ್ಷವನ್ನು ಮಾಡುವುದು ಬೇರೆ.

ಬೆಲೆಯ ಪ್ರಶ್ನೆಗೆ ಒಂದು ಸೊಗಸಾದ ಉತ್ತರವು ದೊರೆತಿದೆ. ಟ್ರಾನ್ಸಿಸ್ಟರನ್ನು ರಕ್ತದಲ್ಲಿ ಅದ್ದುವುದೇತಕ್ಕೆ? ಅದನ್ನು ಓದುವ ಯಂತ್ರದೊಳಗೆ ಒಣಗಿದ ಸ್ಥಳದಲ್ಲಿ ಭದ್ರವಾಗಿಟ್ಟು, ಬಾಗಿಲಿನಿಂದ ಒಂದು ತಂತಿಯನ್ನು ಹೊರಗೆಳೆದು, ಅದರ ತುದಿಗೆ ಪ್ರತಿಕಾಯ ಲೇಪಿಸಿದ ಅಗ್ಗದ ತಗಡನ್ನು ಸಿಕ್ಕಿಸಿದರೆ ಸಾಕು. ತಗಡು ರಕ್ತ ಮುಟ್ಟಿ ಎಸೆಯತಕ್ಕದ್ದು. ಟ್ರಾನ್ಸಿಸ್ಟರು ವರ್ಷಾನುಗಟ್ಟಲೆ ಉಳಿಯತಕ್ಕದ್ದು. ಉಪ್ಪಿನ ತೆರೆಯು ಇದರಿಂದ ಹರಿಯಲಿಲ್ಲವಾದರೂ ನೀರು ನುಗ್ಗಿ ಯಂತ್ರವು ಕೆಡುವ ಭಯವು ತಪ್ಪಿತು.

ನಮ್ಮ ನಾಡಿನಲ್ಲಿ ನಡೆದಿರುವ ಕೆಲಸವನ್ನೂ ಹೇಳದೆ ಬಿಡಲಾಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರದ ಪ್ರೊಫೆಸರ್ ನವಕಾಂತ ಭಟ್ಟರೂ ಅವರ ಸಂಗಡಿಗರೂ ೨೦೧೫ರಲ್ಲಿ ಆರಂಭಿಸಿದ ಪಾತ್‌ಶೋಧ್ ಎಂಬ ಸಂಸ್ಥೆಯು ಅನುಪಾತ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರವನ್ನು ಹೊರತಂದಿದೆ. ಒಂದೇ ಯಂತ್ರ, ಪಟ್ಟಿಯನ್ನು ಬದಲಿಸಿದರೆ ಸಕ್ಕರೆ, ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್.ಬಿ.ಎ.೧ಸಿ., ಹೀಮೋಗ್ಲೋಬಿನ್, ಮೂತ್ರದಲ್ಲಿ ಸೋರುವ ಆಲ್ಬುಮಿನ್ ಇವುಗಳನ್ನು ಬೇರೆ ಬೇರೆಯಾಗಿ ಅಳೆಯುವುದು. ಇದೂ ಟ್ರಾನ್ಸಿಸ್ಟರಿನ ಬಾಗಿಲಿನ ಮೇಲೆ ನಿಂತುದಲ್ಲ. ಸಕ್ಕರೆಯ ಪಟ್ಟಿಯಂತೆ ಪ್ರವಾಹವನ್ನು ಅಳೆಯುವ ಜಾತಿಯದು. ಅವರು ಆರಿಸಿಕೊಂಡ ಪದಾರ್ಥಗಳನ್ನು ಗಮನಿಸಿದರೆ ಎಲ್ಲವೂ ಶರೀರದಲ್ಲಿ ಸಾಕಷ್ಟು ಪ್ರಮಾಣದಲ್ಲಿ ಸಿಗತಕ್ಕವೇ. ಸಾಧ್ಯವಾದುದನ್ನು ಮೊದಲು ಮಾಡಿಬಿಡುವ ಈ ವಿವೇಕವು ನಮಗೆ ಮೆಚ್ಚಿಗೆಯಾಯಿತು.

ಮನೆಯಲ್ಲಿ ಯಂತ್ರವನ್ನಿಟ್ಟುಕೊಂಡಿರುವವರಿಗೆ ಕೆಲವು ಸೂಚನೆಗಳು. ಬಾಳೆಹಣ್ಣನ್ನೋ ಬೆಲ್ಲವನ್ನೋ ಮುಟ್ಟಿದ ಬೆರಳಿನಿಂದ ತೆಗೆದ ರಕ್ತವು ಸುಳ್ಳು ಹೇಳುವುದು. ಸಾಬೂನಿನಿಂದ ಕೈತೊಳೆದು ಚೆನ್ನಾಗಿ ಒರಸಿಕೊಂಡೇ ಚುಚ್ಚಿಕೊಳ್ಳಬೇಕು. ಪಟ್ಟಿಗಳ ಡಬ್ಬಿಯ ಮುಚ್ಚಳವನ್ನು ಒಡನೆಯೇ ಹಾಕಬೇಕು. ಒಲೆಯ ಬಳಿಯ ಗೂಡಿನಲ್ಲಾಗಲಿ ಬಿಸಿಲು ಬೀಳುವ ಕಿಟಕಿಯಲ್ಲಾಗಲಿ ಇಡಬಾರದು. ರಕ್ತಹೀನತೆ ಹೆಚ್ಚಾಗಿರುವವರಲ್ಲಿ ಸಕ್ಕರೆಯ ಯಂತ್ರವು ಇದ್ದುದಕ್ಕಿಂತ ಹೆಚ್ಚಾಗಿ ತೋರಿಸುವುದುಂಟು. ಸಿಕಲ್ ಸೆಲ್ ರೋಗಿಗಳ ಕೆಂಪು ಕಣಗಳು ಬೇಗ ಸಾಯುವುದರಿಂದ ಅವರಲ್ಲಿ ಎಚ್.ಬಿ.ಎ.೧ಸಿ. ಅಂಕವನ್ನು ನಂಬುವಂತಿಲ್ಲ, ಈ ಮಾತನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಎದೆನೋವು ಬಂದಾಗ ಯಾವ ಪಟ್ಟಿಗೂ ಕಾಯದೆ ಆಸ್ಪತ್ರೆಗೆ ಹೊರಡತಕ್ಕದ್ದು. ಟ್ರೋಪೋನಿನ್ನು ರಕ್ತದಲ್ಲಿ ಏರುವುದಕ್ಕೆ ಕೆಲವು ಗಂಟೆಗಳು ಹಿಡಿಯುವುದರಿಂದ, ಮೊದಲ ಪರೀಕ್ಷೆಯಲ್ಲಿ ಕಾಣದಿದ್ದರೂ ವೈದ್ಯರು ಮತ್ತೊಮ್ಮೆ ರಕ್ತವನ್ನು ಕೇಳುವರು, ಅದಕ್ಕೆ ಬೇಸರಪಡಬಾರದು.

ಕೊನೆಯದಾಗಿ, ಪೋಡುಗಳಲ್ಲಿಯೂ ಹಾಡಿಗಳಲ್ಲಿಯೂ ಸಿಕಲ್ ಸೆಲ್ ಪರೀಕ್ಷೆ ಮಾಡಿಸಿಕೊಂಡವರಿಗೆ ಕೊಡುವ ಚೀಟಿಯ ವಿಷಯ. ಅದರಲ್ಲಿ ವಾಹಕ ಎಂದು ಬರೆದಿದ್ದರೆ ಹೆದರಬೇಕಾದುದಿಲ್ಲ. ವಾಹಕರು ಸಾಮಾನ್ಯವಾಗಿ ಎಲ್ಲರಂತೆ ಬಾಳುವರು. ಆದರೆ ವಧೂವರರಿಬ್ಬರೂ ವಾಹಕರಾದರೆ ಹುಟ್ಟುವ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವವು ನಾಲ್ಕರಲ್ಲಿ ಒಂದು. ವಾಹಕನಾಗುವ ಸಂಭವ ಎರಡರಲ್ಲಿ ಒಂದು. ಮೊದಲ ಮಗುವಿಗೆ ರೋಗ ಬಂದರೆ ಮುಂದಿನ ಮೂರು ಮಕ್ಕಳು ಸುರಕ್ಷಿತವೆಂಬ ಲೆಕ್ಕವು ತಪ್ಪು. ಪ್ರತಿಸಲವೂ ಅಷ್ಟೇ ಸಂಭವ. ಚೀಟಿಯನ್ನು ಪಡಿತರ ಚೀಟಿಯ ಸಂಗಡ ಜೋಪಾನವಾಗಿಟ್ಟು, ಮದುವೆಯ ಮಾತುಕತೆಯ ಕಾಲಕ್ಕೆ ಎರಡು ಮನೆಯವರೂ ತೆಗೆದು ನೋಡತಕ್ಕದ್ದು. ಗರ್ಭಿಣಿಯು ವಾಹಕಳೆಂದು ತಿಳಿದರೆ ತಡಮಾಡದೆ ಅವಳ ಗಂಡನ ರಕ್ತವನ್ನೂ ಪರೀಕ್ಷೆ ಮಾಡಿಸಬೇಕು.